ಮೊದಲ ಗುಟುಕು ಯಾರ ಕೈಯಿಂದ?

(ತಿಕೋಟಾದಲ್ಲಿ ಗಿರಣಿ ಕೆಲಸಗಾರರು, ಹಮಾಲರು ಹಾಗೂ ಸಣ್ಣ ವ್ಯಾಪಾರಸ್ಥರು ಸೇರಿದ್ದ ಸಂಜೆಯ ಸಭೆಯಲ್ಲಿ ನಮ್ಮ ಪಕ್ಷದ ಸಂಘಟಕರು ಮಾಡಿದ ಭಾಷಣ. ಸ್ಥಳಾಭಾವದಿಂದ ಅಲ್ಲಲ್ಲಿ ಸಂಕ್ಷೇಪಿಸಿದೆ. — ಸಂ.)



ಇಂದಿನ ಸಭೆಯನ್ನು ಕರೆದದ್ದು ಕೂಲಿಯ ಪ್ರಶ್ನೆಗಾಗಿ. ಆ ವಿಷಯವನ್ನು ನನಗಿಂತ ಮೊದಲು ಮಾತಾಡಿದವರು ಸಾಕಷ್ಟು ವಿವರವಾಗಿ ಹೇಳಿದ್ದಾರೆ. ನಾನು ಹೇಳಬೇಕೆಂದಿರುವುದು ಆ ಕೂಲಿ ಕೈಗೆ ಬಂದ ಮೇಲಿನ ಮಾತು. ಬಟವಡೆಯಾದ ಜಾಗದಿಂದ ಮನೆಯ ಹೊಸ್ತಿಲು ಮುಟ್ಟುವುದರೊಳಗೆ ಅದರಲ್ಲಿ ಎಷ್ಟು ಉಳಿಯುತ್ತದೆ, ಎಷ್ಟು ಹೋಗುತ್ತದೆ, ಎಲ್ಲಿ ಹೋಗುತ್ತದೆ ಎಂಬ ಮಾತು.

ಕುಡಿತದ ವಿಷಯ ಎಂದೊಡನೆ ಹಿಂದೆ ಕುಳಿತ ಕೆಲವರು ಚಪ್ಪಲಿ ಹುಡುಕುತ್ತಿದ್ದಾರೆ. ಕೂಡ್ರಿರಿ. ನಾನು ಸ್ವಾಮಿಗಳಲ್ಲ, ಪ್ರವಚನಕ್ಕೆ ಬಂದವನಲ್ಲ. ಕುಡಿಯುವವನೆಲ್ಲ ಪಾಪಿ ಎಂದು ಬೈದು ಕೈತೊಳೆದುಕೊಳ್ಳುವವನೂ ಅಲ್ಲ. ಹದಿನಾಲ್ಕು ವರ್ಷದ ಒಬ್ಬ ಹುಡುಗ ಇಪ್ಪತ್ತೆಂಟಕ್ಕೆ ಬರುವ ಹೊತ್ತಿಗೆ ಹೇಗೆ ಕುಡುಕನಾಗುತ್ತಾನೆ ಎಂಬುದನ್ನು ಮೆಟ್ಟಿಲು ಮೆಟ್ಟಿಲಾಗಿ ನೋಡೋಣ. ಯಾವ ಮೆಟ್ಟಿಲ ಮೇಲೆ ಯಾರು ನಿಂತಿದ್ದೆವು ಎಂಬುದನ್ನೂ ನೋಡೋಣ.

ನಾನು ಕಂಡ ಹುಡುಗ

ಪಕ್ಷದ ಕೆಲಸಕ್ಕೆ ಬರುವ ಮೊದಲು ನಾನು ಕೆಲವು ವರ್ಷ ಮಾಸ್ತರಿಕೆ ಮಾಡಿದವನು. ನನ್ನ ವರ್ಗದಲ್ಲಿ ಒಬ್ಬ ಹುಡುಗನಿದ್ದ. ಹೆಸರು ಬೇಡ. ಅವನ ಒಪ್ಪಿಗೆ ಪಡೆದೇ ಈ ಮಾತು ಹೇಳುತ್ತಿದ್ದೇನೆ. ತಂದೆ ಅಡತಿ ಅಂಗಡಿಯಲ್ಲಿ ಹಮಾಲಿ. ಹುಡುಗ ಲೆಕ್ಕದಲ್ಲಿ ಬಲು ಚುರುಕು. ಬಡ್ಡಿಯ ಲೆಕ್ಕ ಕೊಟ್ಟರೆ ನಾನು ಹಲಗೆಯ ಮೇಲೆ ಬರೆದು ಮುಗಿಸುವುದರೊಳಗೆ ಬಾಯಲ್ಲೇ ಉತ್ತರ ಹೇಳುತ್ತಿದ್ದ.

ಹದಿನಾಲ್ಕನೆಯ ವಯಸ್ಸಿನಲ್ಲಿ ಸೋದರಮಾವನ ಮದುವೆಗೆ ಹೋದ. ಅಲ್ಲಿ ರಾತ್ರಿ ಚಪ್ಪರದ ಹಿಂದೆ ದೊಡ್ಡವರ ಕೂಟ. ಬೀಗರಲ್ಲೊಬ್ಬರು ಸ್ಟೀಲಿನ ಲೋಟದಲ್ಲಿ ಒಂದಿಷ್ಟು ಸುರುವಿ, ಮೇಲೆ ಸೋಡಾ ಹಾಕಿ, ‘ಹಿಡಿಯೋ ಅಳಿಯಾ, ಗಂಡಸಾಗು’ ಎಂದರು. ಸುತ್ತಲಿದ್ದವರು ನಕ್ಕರು. ಹುಡುಗ ಮೂಗು ಮುಚ್ಚಿಕೊಂಡು ಕುಡಿದ. ಸೋಮವಾರ ಶಾಲೆಗೆ ಬಂದವನು ದಂಡಿಗೆ ಹೋಗಿ ಬಂದವನಂತೆ ಗೆಳೆಯರ ಮುಂದೆ ಆ ಕಥೆ ಹೇಳುತ್ತಿದ್ದ. ನಾನು ಕೇಳಿಸಿಕೊಂಡೆ, ಹುಡುಗನನ್ನು ಚೆನ್ನಾಗಿ ಬೈದೆ. ಆದರೆ ಕೊಟ್ಟವರ ಮನೆಗೆ ಹೋಗಿ ‘ಕೂಸಿಗೆ ಇದನ್ನೇಕೆ ಕೊಟ್ಟಿರಿ’ ಎಂದು ಕೇಳಲಿಲ್ಲ. ಅವರು ಊರಲ್ಲಿ ದೊಡ್ಡ ಮನುಷ್ಯರು. ನನಗೆ ಧೈರ್ಯ ಸಾಲಲಿಲ್ಲ.

ಹದಿನೇಳಕ್ಕೆ ಶಾಲೆ ಬಿಟ್ಟಿದ್ದ. ಆಗ ಗೆಳೆಯರ ಗುಂಪು. ವರ್ಷಕ್ಕೆ ನಾಲ್ಕಾರು ಸಲ, ಗಣಪತಿ ಕಳಿಸುವ ರಾತ್ರಿ, ಹೋಳಿಯ ದಿನ, ಡಿಸೆಂಬರ್ 31ರ ರಾತ್ರಿ, ತಲೆಗಿಷ್ಟು ಎಂದು ಪಟ್ಟಿ ಹಾಕಿ ತರುವುದು. ಹೊಲದ ಬದುವಿನ ಮೇಲೆ ಕುಳಿತು, ಯಾರಾದರೂ ನೋಡಿಯಾರು ಎಂಬ ಅವಸರದಲ್ಲಿ ಗಟಗಟನೆ ಕುಡಿದು ವಾಂತಿ ಮಾಡುವುದು. ಇದನ್ನು ಗಮನಿಸಿರಿ. ಹದಿಹರೆಯದವನು ಕುಡಿಯುವ ದಿನಗಳು ಕಡಿಮೆ, ಆದರೆ ಕುಡಿದ ದಿನ ಮಿತಿಯಿಲ್ಲ. ಬೈಕಿನ ಮೇಲಿಂದ ಬಿದ್ದು ಸಾಯುವುದು, ಬಾವಿಗೆ ಹಾರುವುದು, ಗೆಳೆಯನ ತಲೆಗೆ ಕಲ್ಲು ಎತ್ತುವುದು ಈ ವಯಸ್ಸಿನ ಕುಡಿತದ ಫಲ. ಲಿವರಿನ ಮಾತು ಇನ್ನೂ ದೂರ.

ಇಪ್ಪತ್ತಕ್ಕೆ ದುಡಿಮೆ ಹತ್ತಿತು. ಒಂದು ಹಂಗಾಮು ಜಿನ್ನಿಂಗ್ ಗಿರಣಿ, ಇನ್ನೊಂದು ಹಂಗಾಮು ಒಣದ್ರಾಕ್ಷಿಯ ಶೆಡ್ಡು. ವಾರಕ್ಕೊಮ್ಮೆ ಬಟವಡೆ. ಕಿಸೆಯಲ್ಲಿ ತನ್ನದೇ ರೊಕ್ಕ. ಜೊತೆಯ ಹಿರಿಯ ಕೆಲಸಗಾರರು, ‘ನಡೀಲೇ ತಮ್ಮಾ, ಮೈನೋವು ಹೋಗತೈತಿ’ ಎಂದು ಕರೆದುಕೊಂಡು ಹೋದರು. ಹಬ್ಬಕ್ಕೊಮ್ಮೆ ಇದ್ದದ್ದು ವಾರಕ್ಕೊಮ್ಮೆ ಆಯಿತು. ಈಗ ವಾಂತಿಯಿಲ್ಲ. ‘ಎಷ್ಟು ಹಾಕಿದರೂ ನನಗ ಏರೂದಿಲ್ಲ’ ಎಂಬ ಜಂಬ ಬಂತು.

ಇಪ್ಪತ್ಮೂರಕ್ಕೆ ಮಳೆ ಕೈಕೊಟ್ಟಿತು. ಗೋವೆಗೆ ಗುಳೆ ಹೋದ. ಕಟ್ಟಡದ ಕೆಲಸ, ತಗಡಿನ ಶೆಡ್ಡು, ಕತ್ತಲಾದ ಮೇಲೆ ಮಾತಾಡಿಸುವವರಿಲ್ಲ. ವಾರದ್ದು ದಿನದ್ದಾಯಿತು. ಗುಂಪಿನಲ್ಲಿ ಕುಡಿಯುತ್ತಿದ್ದವನು ಒಬ್ಬನೇ ಕುಡಿಯತೊಡಗಿದ.

ಇಪ್ಪತ್ತಾರಕ್ಕೆ ಮನೆಯವರು ಊರಿಗೆ ಕರೆಸಿ, ‘ಮದುವಿ ಮಾಡಿದ್ರ ಸುಧಾರಸ್ತಾನ’ ಎಂದು ಮದುವೆ ಮಾಡಿದರು. ಸುಳ್ಳಲ್ಲ, ಆರು ತಿಂಗಳು ಸುಧಾರಿಸಿದ. ಆಮೇಲೆ ಹಂಗಾಮು ಮುಗಿಯಿತು. ಮದುವೆಯ ಸಾಲದ ಬಡ್ಡಿ ನಿಂತಿತು. ಕೂಸು ಹುಟ್ಟಿತು. ಮತ್ತೆ ಸೀಸೆ ಹಿಡಿದ. ಒಂದು ದಿನ ಕಟ್ಟಡ ಕಾರ್ಮಿಕರ ಕಾರ್ಡಿನ ಅರ್ಜಿ ತುಂಬಿಸಲು ನಮ್ಮ ಕಚೇರಿಗೆ ಬಂದ. ಸಹಿ ಮಾಡಲು ಪೆನ್ನು ಕೊಟ್ಟೆ. ಬೆಳಗಿನ ಹತ್ತು ಗಂಟೆ. ಕೈ ನಡುಗಿತು, ಹೆಸರು ಬರೆಯಲಾಗಲಿಲ್ಲ. ಬಡ್ಡಿಯ ಲೆಕ್ಕ ಬಾಯಲ್ಲಿ ಮಾಡುತ್ತಿದ್ದ ಹುಡುಗ ಅರ್ಜಿಗೆ ಹೆಬ್ಬೆಟ್ಟು ಒತ್ತಲೇ ಎಂದು ನನ್ನನ್ನು ಕೇಳಿದ.

ವಯಸ್ಸಿಗೂ ಕುಡಿತಕ್ಕೂ ಇರುವ ಸಂಬಂಧ

ಇದು ಒಬ್ಬನ ಕಥೆಯಲ್ಲವೆಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ವೈದ್ಯಶಾಸ್ತ್ರ ಏನು ಹೇಳುತ್ತದೆ ಎಂಬುದನ್ನು ಸ್ವಲ್ಪ ಕೇಳಿರಿ.

ಮನುಷ್ಯನ ಮೈ ಹದಿನೆಂಟಕ್ಕೆ ಬೆಳೆದು ನಿಂತಂತೆ ಕಂಡರೂ ಮಿದುಳು ಇಪ್ಪತ್ತೈದರ ಸುಮಾರಿನವರೆಗೆ ಬಲಿಯುತ್ತಲೇ ಇರುತ್ತದೆ. ‘ಬೇಡ, ಸಾಕು’ ಎಂದು ತಡೆಯುವ ಭಾಗ ಎಲ್ಲಕ್ಕಿಂತ ಕೊನೆಗೆ ಬಲಿಯುತ್ತದೆ. ಕಡಿವಾಣ ತಯಾರಾಗುವ ಮೊದಲೇ ಕುದುರೆಯನ್ನು ಓಡಿಸಿದಂತೆ ಆಗುತ್ತದೆ. ಅಮೆರಿಕದ ದೊಡ್ಡ ಸಮೀಕ್ಷೆಯೊಂದರ ಫಲಿತಾಂಶ 1997ರಲ್ಲಿ ಪ್ರಕಟವಾಯಿತು. ಹದಿನೈದು ತುಂಬುವ ಮೊದಲೇ ಕುಡಿಯಲು ಹಿಡಿದವರಲ್ಲಿ ಹತ್ತಕ್ಕೆ ನಾಲ್ವರು ಬಾಳಿನಲ್ಲಿ ಒಂದಿಲ್ಲೊಂದು ಕಾಲಕ್ಕೆ ಮದ್ಯದ ಅಡಿಯಾಳಾಗಿದ್ದರು. ಇಪ್ಪತ್ತು ದಾಟಿದ ಮೇಲೆ ಶುರು ಮಾಡಿದವರಲ್ಲಿ ಹತ್ತಕ್ಕೆ ಸುಮಾರು ಒಬ್ಬ. ಬೇಗ ಶುರು ಮಾಡಿದ್ದೊಂದೇ ಕಾರಣ ಎನ್ನಲಾಗದು, ಮನೆಯ ಕಷ್ಟವೂ ಕಾರಣವಿರುತ್ತದೆ. ಆದರೂ ಅಂತರ ಸಣ್ಣದಲ್ಲ.

ನಮ್ಮವರು ದುಡಿಯಲು ಹೋಗುವ ಗೋವೆಯಲ್ಲಿಯೇ ಇಂಥ ಒಂದು ಅಧ್ಯಯನ ನಡೆದು 2014ರಲ್ಲಿ ಪ್ರಕಟವಾಗಿದೆ. ಕುಡಿಯುವ ಗಂಡಸರ ಪೈಕಿ 1950ರ ದಶಕದ ಕೊನೆಯಲ್ಲಿ ಹುಟ್ಟಿದವರಲ್ಲಿ ಐವರಲ್ಲಿ ಒಬ್ಬ ಮಾತ್ರ ಹದಿಹರೆಯದಲ್ಲಿ ಶುರು ಮಾಡಿದ್ದ. 1980ರ ದಶಕದ ಮೊದಲ ಅರ್ಧದಲ್ಲಿ ಹುಟ್ಟಿದವರಲ್ಲಿ ಹಾಗೆ ಶುರು ಮಾಡಿದವರು ನಾಲ್ವರಲ್ಲಿ ಸುಮಾರು ಮೂವರು. ಒಂದು ತಲೆಮಾರಿನಲ್ಲಿ ಮೊದಲ ಗುಟುಕಿನ ವಯಸ್ಸು ಇಷ್ಟು ಕೆಳಗೆ ಇಳಿದಿದೆ.

ಇನ್ನು ‘ನನಗ ಏರೂದಿಲ್ಲ’ ಎಂಬ ಜಂಬ. ಗೆಳೆಯರೇ, ಅದು ಗಂಡಸುತನದ ಗುರುತಲ್ಲ, ರೋಗದ ಮೊದಲ ಗುರುತು. ಮೊದಲು ಒಂದಕ್ಕೆ ಏರುತ್ತಿದ್ದದ್ದು ಈಗ ಮೂರಕ್ಕೆ ಏರುತ್ತದೆಂದರೆ ಮೈ ವಿಷಕ್ಕೆ ಒಗ್ಗಿಕೊಂಡಿದೆ ಎಂದರ್ಥ. ಒಗ್ಗಿದ ಮೈ ಮುಂದೆ ಅದನ್ನೇ ಬೇಡುತ್ತದೆ. ಸಿಗದಿದ್ದರೆ ಕೈ ನಡುಗುತ್ತದೆ, ಬೆವರುತ್ತದೆ, ನಿದ್ರೆ ಬಾರದು. ಬೆಳಗ್ಗೆ ಎದ್ದು ಕುಡಿಯುವವನು ಮಜಕ್ಕಾಗಿ ಕುಡಿಯುವುದಿಲ್ಲ, ನಡುಕ ನಿಲ್ಲಲೆಂದು ಕುಡಿಯುತ್ತಾನೆ. ಅವನನ್ನು ಬೈದು ಏನು ಬಂತು?

ನೆಲೆ ಸಿಕ್ಕರೆ ತಾನೇ ಬಿಡುವುದು

ಈಗ ಮುಖ್ಯ ಮಾತಿಗೆ ಬರುತ್ತೇನೆ. ಅಮೆರಿಕ, ಯುರೋಪುಗಳಲ್ಲಿ ಹುಡುಗರನ್ನು ಶಾಲೆಯ ದಿನಗಳಿಂದ ಹಿಡಿದು ಮೂವತ್ತು ದಾಟುವವರೆಗೆ ಬೆನ್ನುಹತ್ತಿ ವಿಚಾರಿಸಿದ ಅಧ್ಯಯನಗಳು ಬಹಳ ಇವೆ. ಅಲ್ಲಿ ಕಂಡ ಸಂಗತಿ ಏನೆಂದರೆ, ಕುಡಿತ ಇಪ್ಪತ್ತರ ಆಚೆ ಈಚೆ ತುದಿಗೇರುತ್ತದೆ. ಆಮೇಲೆ ಹೆಚ್ಚಿನವರಲ್ಲಿ ತಾನಾಗಿ ಇಳಿಯುತ್ತದೆ. ಕಾಯಂ ಕೆಲಸ ಸಿಗುತ್ತದೆ, ಮದುವೆಯಾಗುತ್ತದೆ, ಮಕ್ಕಳಾಗುತ್ತವೆ, ನಾಳೆಯ ಮೇಲೆ ಭರವಸೆ ಬರುತ್ತದೆ. ಕುಡಿಯಲು ಪುರುಸೊತ್ತಿಲ್ಲದಂತಾಗುತ್ತದೆ.

ನಮ್ಮ ಹಿರಿಯರು ‘ಮದುವಿ ಮಾಡಿದ್ರ ಸುಧಾರಸ್ತಾನ’ ಎಂದದ್ದು ಇದನ್ನೇ. ಆ ಮಾತು ಸುಳ್ಳಲ್ಲ, ಅರ್ಧ ಮಾತು. ಮದುವೆ ಒಂದನ್ನು ಕೊಟ್ಟೆವು, ಕಾಯಂ ಕೆಲಸ ಕೊಡಲಿಲ್ಲ. ಹೆಂಡತಿಯನ್ನು ತಂದೆವು, ಅವಳನ್ನು ಸಾಕುವ ಹನ್ನೆರಡು ತಿಂಗಳ ದುಡಿಮೆ ತರಲಿಲ್ಲ. ಹಂಗಾಮಿನಲ್ಲಿ ನಾಲ್ಕು ತಿಂಗಳು ಕೆಲಸ, ಉಳಿದ ದಿನ ಕಟ್ಟೆ, ಇಲ್ಲವೇ ಗುಳೆ. ಬಾಳು ನೆಲೆ ನಿಂತರೆ ಬಿಟ್ಟುಹೋಗುವ ಚಟ, ಬಾಳು ನೆಲೆಯೇ ನಿಲ್ಲದವನಲ್ಲಿ ಬೇರೂರುತ್ತದೆ. ಇದು ನಾನು ಇಂದು ಹೇಳಬೇಕೆಂದಿರುವ ಒಂದು ಮಾತು. ಆದುದರಿಂದಲೇ ಕೂಲಿಯ ಹೋರಾಟವೂ ಕುಡಿತದ ವಿರುದ್ಧದ ಹೋರಾಟವೂ ಎರಡಲ್ಲ ಎನ್ನುತ್ತೇನೆ.

ನಮ್ಮ ಭಾಗಕ್ಕೆ ಏತ ನೀರಾವರಿಯಿಂದ ನೀರು ಬಂತು, ದ್ರಾಕ್ಷಿ ಬಂತು. ಸಂತೋಷ. ಹೊಲದವನ ಕೈಯಲ್ಲಿ ರೊಕ್ಕ ಓಡಾಡಿತು. ಆದರೆ ದ್ರಾಕ್ಷಿ ಕೊಯ್ಯುವವನ, ಶೆಡ್ಡಿನಲ್ಲಿ ಹಣ್ಣು ಹರಡುವವನ ದುಡಿಮೆ ಇಂದಿಗೂ ಹಂಗಾಮಿನದೇ. ನೀರಿನ ಜೊತೆಗೆ ಧಾಬಾ ಬಂತು, ಬಾರು ಬಂತು. ವಾಚನಾಲಯ ಬರಲಿಲ್ಲ.

ಸರಕಾರದ ಗಲ್ಲೆ

ಸರಕಾರವೇಕೆ ಸುಮ್ಮನಿದೆ ಎಂದು ತಾಯಂದಿರು ಕೇಳುತ್ತಾರೆ. ಸರಕಾರ ಸುಮ್ಮನಿಲ್ಲ, ಗಲ್ಲೆಯ ಮೇಲೆ ಕುಳಿತಿದೆ. 2025-26ರ ಮುಂಗಡ ಪತ್ರದಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಎತ್ತುವ ಗುರಿ ಇಟ್ಟುಕೊಂಡಿತು. 2011ರ ಜನಗಣತಿಯ ಲೆಕ್ಕದಲ್ಲಿ ರಾಜ್ಯದ ಜನ 6.11 ಕೋಟಿ. ಈಗ ಹೆಚ್ಚಾಗಿದ್ದಾರೆ, ಆದರೂ ತೊಟ್ಟಿಲ ಕೂಸು ಸೇರಿ ತಲೆಗೆ ಆರು ಸಾವಿರದ ಮಾತಾಯಿತು. ಕುಡಿಯದವನನ್ನು ಬಿಟ್ಟು ಲೆಕ್ಕ ಹಾಕಿದರೆ ಎಷ್ಟಾದೀತು, ನೀವೇ ನೋಡಿರಿ.

ಇತಿಹಾಸವನ್ನೂ ಸ್ವಲ್ಪ ತಿಳಿಯಬೇಕು. ಸಂವಿಧಾನದ 47ನೆಯ ಕಲಮು ಪಾನನಿಷೇಧದತ್ತ ಸಾಗಬೇಕೆಂದು ಸರಕಾರಕ್ಕೆ ಹೇಳುತ್ತದೆ. ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿದ್ದಾಗ 1950ರಿಂದ ಇಲ್ಲಿ ಪೂರ್ಣ ಪಾನನಿಷೇಧವಿತ್ತು. ಆಗ ಶ್ರೀಮಂತನಿಗೆ ಆರೋಗ್ಯದ ಹೆಸರಿನಲ್ಲಿ ಪರ್ಮಿಟ್ಟು, ಬಡವನಿಗೆ ಕಳ್ಳಭಟ್ಟಿ ಮತ್ತು ಜೈಲು. 1939ರಲ್ಲಿ ಚಿತ್ರದುರ್ಗದ ಕಡೆ ತುರುವನೂರಿನಲ್ಲಿ ಈಚಲ ಮರ ಕಡಿಯುವ ಸತ್ಯಾಗ್ರಹಕ್ಕೆ ಮುಂದಾಗಿದ್ದವರು ನಿಜಲಿಂಗಪ್ಪನವರು. 1967ರಲ್ಲಿ ಅವರೇ ಮುಖ್ಯಮಂತ್ರಿಯಾಗಿದ್ದಾಗ ಮೈಸೂರು ರಾಜ್ಯ ಪಾನನಿಷೇಧವನ್ನು ತೆಗೆಯಿತು. ವ್ಯಕ್ತಿಯನ್ನು ದೂರಲು ಇದನ್ನು ಹೇಳುತ್ತಿಲ್ಲ. ಬೊಕ್ಕಸದ ಆಸೆ ಎಂಥವರ ಕೈಯನ್ನೂ ಕಟ್ಟುತ್ತದೆ ಎಂದು ತೋರಿಸಲು ಹೇಳಿದೆ. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ನಿಂತದ್ದು ಸಾರಾಯಿಯ ಪ್ಯಾಕೆಟು ಮಾತ್ರ. ಅದರ ಜಾಗಕ್ಕೆ ಅಗ್ಗದ ವಿಸ್ಕಿಯ 90 ಮಿಲಿಯ ಪ್ಯಾಕೆಟು ಬಂತು. ಮರುವರ್ಷ, 2008ರ ಮೇ ತಿಂಗಳಲ್ಲಿ, ಕರ್ನಾಟಕ ತಮಿಳುನಾಡುಗಳಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಬಡವರು ಸತ್ತರು. ಬರೀ ಕಾನೂನಿನಿಂದ ಕೆಲಸವಾಗದು, ಕಾನೂನಿಲ್ಲದೆಯೂ ಆಗದು.

ಈಗಿರುವ ಅಬಕಾರಿ ನಿಯಮ 21 ತುಂಬದವನಿಗೆ ಮದ್ಯ ಮಾರಬಾರದು ಎನ್ನುತ್ತದೆ. 2023ರ ಜನವರಿಯಲ್ಲಿ ಅದನ್ನು 18ಕ್ಕೆ ಇಳಿಸುವ ಕರಡನ್ನು ಸರಕಾರ ಹೊರಡಿಸಿತು. ಜನ ವಿರೋಧಿಸಿದರು, ಕೈಬಿಟ್ಟಿತು. ಹದಿನೆಂಟರಿಂದ ಇಪ್ಪತ್ತೊಂದರ ಮೂರು ವರ್ಷ ಎಷ್ಟು ಬೆಲೆಯುಳ್ಳದ್ದೆಂದು ನಾನು ಆಗಲೇ ಹೇಳಿದೆ. ಆ ಬೆಲೆ ಮದ್ಯದ ಕಂಪನಿಗಳಿಗೂ ಗೊತ್ತಿದೆ. ಇಪ್ಪತ್ತರೊಳಗೆ ಹಿಡಿದ ಗಿರಾಕಿ ನಲವತ್ತು ವರ್ಷದ ಗಿರಾಕಿ.

ನಮ್ಮ ಕೈಗಳು

ಸರಕಾರವನ್ನು ಬೈದಾಗ ಚಪ್ಪಾಳೆ ತಟ್ಟಿದಿರಿ. ಈಗ ನಮ್ಮನ್ನೇ ನೋಡಿಕೊಳ್ಳೋಣ.

ಬಾರಿನವನು ಹದಿನೈದು ವರ್ಷದ ಹುಡುಗನನ್ನು ಒಳಗೆ ಬಿಡಲಿಕ್ಕಿಲ್ಲ. ಆದರೆ ಹಳ್ಳಿಹಳ್ಳಿಯ ಕಿರಾಣಿ ಅಂಗಡಿ, ಪಾನ್ ಅಂಗಡಿ, ಚಹದಂಗಡಿಗಳಲ್ಲಿ ಎಣ್ಣೆ ಡಬ್ಬಿಯ ಹಿಂದೆ ಏನಿರುತ್ತದೆ? ವ್ಯಾಪಾರಸ್ಥ ಬಂಧುಗಳೇ, ನಿಮ್ಮ ಮುಂದೆಯೇ ಕೇಳುತ್ತಿದ್ದೇನೆ. ಬಾರಿನಿಂದ ತಂದು, ಪ್ಯಾಕೆಟಿಗೆ ಇಷ್ಟು ಮೇಲಿಟ್ಟು ಮಾರುತ್ತೀರಿ. ಅವ್ವ ಸಕ್ಕರೆ ತರಲು ಕಳಿಸುವ ಹುಡುಗ ಅದೇ ಅಂಗಡಿಗೆ ಬರುತ್ತಾನೆ. ಬೆಳಗ್ಗೆ ಸಕ್ಕರೆ ಒಯ್ದವನು ಸಂಜೆ ಪ್ಯಾಕೆಟು ಒಯ್ಯುತ್ತಾನೆ. ‘ನಾ ಮಾರದಿದ್ರ ಮತ್ತೊಬ್ಬ ಮಾರತಾನ’ ಎನ್ನುತ್ತೀರಿ. ದೊಡ್ಡ ವ್ಯಾಪಾರಿಗಳ ಪೈಪೋಟಿಯಲ್ಲಿ ನಿಮ್ಮ ಅಂಗಡಿ ನಡೆಯುವುದು ಕಷ್ಟವೆಂದು ಬಲ್ಲೆ. ಆದರೆ ನಿಮ್ಮ ಉದ್ರಿ ವಹಿ ತೆಗೆದು ನೋಡಿರಿ. ಯಾರ ಬಾಕಿ ತೀರುತ್ತಿಲ್ಲ? ಜೋಳ, ಎಣ್ಣೆ, ಬೇಳೆಯ ಬಾಕಿ ಉಳಿಸಿಕೊಂಡವನು ಯಾರು? ಪ್ಯಾಕೆಟಿನಲ್ಲಿ ಗಳಿಸಿದ್ದನ್ನು ವಹಿಯಲ್ಲಿ ಕಳೆಯುತ್ತಿದ್ದೀರಿ. ದಿನಕ್ಕೆ ನೂರು ರೂಪಾಯಿ ಕುಡಿಯುವವನು ವರ್ಷಕ್ಕೆ 36,500 ಕುಡಿದ. ಅದು ನಿಮ್ಮ ಅಂಗಡಿಯ ಬೇಳೆ, ಬೆಲ್ಲ, ಬಟ್ಟೆ ಆಗಬೇಕಿದ್ದ ರೊಕ್ಕ.

ಬಸವಣ್ಣನವರು ಹುಟ್ಟಿದ್ದು ನಮ್ಮದೇ ಜಿಲ್ಲೆಯ ಬಾಗೇವಾಡಿಯಲ್ಲಿ. ಅವರ ಕಾಲದ ಶರಣರಲ್ಲಿ ಹೆಂಡದ ಮಾರಯ್ಯನೆಂಬವನಿದ್ದ. ಹೆಂಡ ಮಾರುವ ಕಾಯಕದವನು ಕುಡಿಯುವವರಿಗೆ ಬುದ್ಧಿ ಹೇಳುವ ವಚನಕಾರನಾದ. ಮಾರುವವನು ಮನಸ್ಸು ಮಾಡಿದರೆ ಊರು ತಿದ್ದಬಲ್ಲ ಎಂಬುದಕ್ಕೆ ಬೇರೆ ದೃಷ್ಟಾಂತ ಬೇಕಿಲ್ಲ.

ಕೆಲಸಗಾರ ಬಂಧುಗಳೇ, ನಿಮ್ಮ ಸರದಿ. ಹೊಸದಾಗಿ ಬಂದ ಹುಡುಗನ ಮೊದಲ ಬಟವಡೆಯಂದು ಅವನಿಂದಲೇ ‘ಪಾರ್ಟಿ’ ಕೇಳುವವರು ಯಾರು? ನಾವೇ. ಅವ್ವನ ಕೈಗೆ ಹೋಗಬೇಕಾದ ಮೊದಲ ದುಡಿಮೆಯನ್ನು ಬಾರಿನ ಮೇಜಿನ ಮೇಲೆ ಇಡಿಸುವವರು ನಾವೇ.

ನಮ್ಮ ಪಕ್ಷದ ಮಾತನ್ನೂ ಬಚ್ಚಿಡುವುದಿಲ್ಲ. ಚುನಾವಣೆ ಬಂದಾಗ ಸೆರೆ ಹಂಚದ ಪಕ್ಷ ಯಾವುದು ಎಂದು ಜನ ಕೇಳುತ್ತಾರೆ. ನಾವು ಹಂಚುವುದಿಲ್ಲ, ಹಂಚಲು ನಮ್ಮಲ್ಲಿ ರೊಕ್ಕವೂ ಇಲ್ಲ. ಆದರೆ ನಮ್ಮ ಮೆರವಣಿಗೆ ಮುಗಿದ ಮೇಲೆ ಬಾವುಟ ಹಿಡಿದಿದ್ದ ಹುಡುಗರು ಎಲ್ಲಿಗೆ ಹೋದರೆಂದು ನಾವು ವಿಚಾರಿಸಿದ್ದೇವೆಯೇ? ಒಮ್ಮೆ ಅವರ ಗುಂಪನ್ನು ನಾನೇ ಕಂಡು, ನಕ್ಕು ಮುಂದೆ ಹೋದೆ. ನಾನು ಹೇಳಿದ ಹುಡುಗ ಆ ಗುಂಪಿನಲ್ಲಿದ್ದ. ಅವನಿಗೆ ಆಗ ಹದಿನೇಳು. ಶಾಲೆಯಲ್ಲಿ ಬೈದಿದ್ದ ಮಾಸ್ತರ ಬೀದಿಯಲ್ಲಿ ನಕ್ಕ. ಹುಡುಗ ಯಾವುದನ್ನು ನಂಬಬೇಕು?

ಮಾಡಬಹುದಾದ ಕೆಲಸ

ಇದು ಆಗದ ಕೆಲಸವೆಂದು ಕೈಚೆಲ್ಲಬೇಡಿರಿ. 1975ರಲ್ಲಿ ಇಳಕಲ್ಲಿನ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ತಿರುಗಿದರು. ದುಡ್ಡು ಬೇಡಲಿಲ್ಲ, ‘ನಿಮ್ಮ ಚಟ ನನ್ನ ಜೋಳಿಗೆಗೆ ಹಾಕಿರಿ’ ಎಂದರು. 2019ರ ಜನವರಿಯಲ್ಲಿ ಮದ್ಯ ನಿಷೇಧಿಸಿರೆಂದು ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಕಾಲ್ನಡಿಗೆಯಲ್ಲಿ ಹೋದರು.

ದೂರದ ಐಸ್‌ಲ್ಯಾಂಡ್ ದೇಶದ ಮಾತು ಕೇಳಿರಿ. 1998ರಲ್ಲಿ ಅಲ್ಲಿಯ ಹದಿನೈದು ಹದಿನಾರು ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ 42 ಜನ ಹಿಂದಿನ ಒಂದು ತಿಂಗಳಲ್ಲಿ ಅಮಲೇರುವಷ್ಟು ಕುಡಿದಿದ್ದರು. 2016ರಲ್ಲಿ ನೂರಕ್ಕೆ 5. ಏನು ಮಾಡಿದರು? ಮಕ್ಕಳಿಗೆ ಆಟ, ಸಂಗೀತ, ವ್ಯಾಯಾಮಕ್ಕೆ ಸಾರ್ವಜನಿಕ ಹಣ ಹಾಕಿದರು. ಬಡವರ ಮಕ್ಕಳೂ ಸೇರಲೆಂದು ನೆರವು ಕೊಟ್ಟರು. ತಾಯಿತಂದೆಗಳು ಒಟ್ಟಾಗಿ ನಿಯಮ ಮಾಡಿಕೊಂಡು, ರಾತ್ರಿ ಹೊತ್ತು ಮಕ್ಕಳನ್ನು ಬೀದಿಗೆ ಬಿಡಲಿಲ್ಲ. ಅವರದು ಸಿರಿವಂತ ದೇಶ ನಿಜ, ಆದರೆ ಗರಡಿ ಮನೆಗೂ ಒಂದು ವಿದ್ಯುದ್ದೀಪಕ್ಕೂ ಸಿರಿವಂತಿಕೆ ಬೇಕಿಲ್ಲ.

ಇನ್ನೊಂದು ಮಾತನ್ನು ಹುಡುಗರಿಗೆ ಹೇಳಿರಿ. ‘ಎಲ್ಲಾರೂ ಕುಡಿತಾರ’ ಎಂಬುದು ಸುಳ್ಳು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹದಿನೈದು ದಾಟಿದ ಗಂಡಸರಲ್ಲಿ ಕುಡಿಯುತ್ತೇವೆ ಎಂದವರು ನೂರಕ್ಕೆ ಸುಮಾರು 19. ಐವರಲ್ಲಿ ನಾಲ್ವರು ಕುಡಿಯುವುದಿಲ್ಲ. ಕುಡಿಯದವನು ಒಂಟಿಯಲ್ಲ, ಬಹುಮತದವನು.

ಈ ಸಭೆಯ ಮುಂದೆ ಐದು ಮಾತು ಇಡುತ್ತೇನೆ.

ಒಂದು: ಇಪ್ಪತ್ತೊಂದು ತುಂಬದ ಯಾವ ಹುಡುಗನಿಗೂ ನಮ್ಮ ಕೈಯಿಂದ ಗುಟುಕು ಕೊಡುವುದಿಲ್ಲ, ಮದುವೆಯಲ್ಲಾಗಲಿ, ಜಾತ್ರೆಯಲ್ಲಾಗಲಿ, ಮೊದಲ ಬಟವಡೆಯಲ್ಲಾಗಲಿ.

ಎರಡು: ಪರವಾನಿಗೆಯಿಲ್ಲದ ಮಾರಾಟವನ್ನು ನಮ್ಮ ವ್ಯಾಪಾರಸ್ಥರೇ ನಿಲ್ಲಿಸುತ್ತಾರೆ. ಕೇಳದವನಿಗೆ ಮೊದಲು ಸಂಘದಿಂದ ಮಾತು, ಆಮೇಲೆ ಅಬಕಾರಿ ಇಲಾಖೆಗೆ ಲಿಖಿತ ದೂರು.

ಮೂರು: ಕೂಲಿಯ ಬೇಡಿಕೆಗಳ ಜೊತೆಗೆ ಹಂಗಾಮು ಮುಗಿದ ಮೇಲಿನ ಕೆಲಸದ ಬೇಡಿಕೆಯೂ ಸೇರಬೇಕು. ಬಟವಡೆ ವಾರದ ಕೊನೆಯ ಸಂಜೆ ಬೇಡ, ವಾರದ ನಡುವಿನ ಬೆಳಗಿಗೆ ಆಗಲಿ.

ನಾಲ್ಕು: ಅಬಕಾರಿಯಿಂದ ಎತ್ತುವ ನೂರು ರೂಪಾಯಿಗೆ ಒಂದು ರೂಪಾಯಿಯನ್ನಾದರೂ ಚಟ ಬಿಡಿಸುವ ಚಿಕಿತ್ಸೆಗೆ, ವಾಚನಾಲಯಕ್ಕೆ, ಗರಡಿ ಮನೆಗೆ ಕೊಡಬೇಕು. 40,000 ಕೋಟಿಯಲ್ಲಿ ಅದು 400 ಕೋಟಿ. ಇದು ದಾನವಲ್ಲ, ನಮ್ಮದೇ ರೊಕ್ಕ.

ಐದು: ಈಗಾಗಲೇ ಸಿಕ್ಕಿಬಿದ್ದವನನ್ನು ಹಂಗಿಸುವುದು ನಿಲ್ಲಲಿ. ಬಹುಕಾಲ ದಿನವೂ ಕುಡಿದವನು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಜೀವವೇ ಹೋಗಬಹುದು. ಆದುದರಿಂದ ಆಣೆ ಹಾಕಿಸಿ ಮನೆಯಲ್ಲಿ ಕೂಡಿಹಾಕಬೇಡಿರಿ. ವಿಜಯಪುರದ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ. ದಾರಿ ತಿಳಿಯದಿದ್ದರೆ 14446 ಅಥವಾ 14416ಕ್ಕೆ ಫೋನು ಮಾಡಿರಿ, ಪುಕ್ಕಟೆ.

ಆ ಹುಡುಗ ಏನಾದ ಎಂದು ಕೇಳುತ್ತೀರಿ. ಅವನ ಹೆಂಡತಿ ಬಂದು, ‘ಮಾಸ್ತರ, ನಿಮ್ಮ ಮಾತಂದ್ರ ಕೇಳ್ತಾರ’ ಎಂದಳು. ಕೇಳುವ ಹಕ್ಕು ನಾನು ಉಳಿಸಿಕೊಂಡಿರಲಿಲ್ಲ. ಆದರೂ ಜೊತೆಗೆ ಹೋದೆ. ಔಷಧ ನಡೆದಿದೆ. ನಾಲ್ಕು ತಿಂಗಳಾಯಿತು. ನಡುವೆ ಒಮ್ಮೆ ಜಾರಿದ, ಮತ್ತೆ ಎದ್ದ. ಕೆಲಸ ಇನ್ನೂ ಹಂಗಾಮಿನದೇ, ಆದ್ದರಿಂದ ನನ್ನ ಅಂಜಿಕೆಯೂ ಹೋಗಿಲ್ಲ. ಹೋದ ವಾರ ಕಚೇರಿಗೆ ಬಂದು ಅದೇ ಅರ್ಜಿಗೆ ಸಹಿ ಮಾಡಿದ. ಅಕ್ಷರ ಸೊಟ್ಟಗಿದ್ದವು, ಆದರೆ ಅವನವೇ ಅಕ್ಷರ.

ಬಂಧುಗಳೇ, ಅವನಿಗೆ ಈಗ ಇಪ್ಪತ್ತೆಂಟು. ಇವತ್ತು ಹದಿನಾಲ್ಕು ಇರುವ ಹುಡುಗರು ಈ ಸಭೆಯ ಅಂಚಿನಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದಾರೆ. ಸಭೆ ಮುಗಿದ ಮೇಲೆ ನಾವು ಯಾವ ಕಡೆ ಹೊರಡುತ್ತೇವೆ ಎಂಬುದನ್ನೂ ಅವರು ನೋಡುತ್ತಾರೆ. ಐದು ಮಾತಿಗೆ ಒಪ್ಪಿಗೆಯಿದ್ದವರು ಕೈ ಎತ್ತಿರಿ.